ಮೈಸೂರಿನಿಂದ ಚಿಕ್ಕಮಗಳೂರಿಗೆ ಒಂದು ಬಸ್ಸು ಯಾತ್ರೆ

ನಮ್ಮ ಸಕಲೇಶಪುರದ ಸೀಮೆಯಲ್ಲಿ ಮಾಘ ಕಳೆದು ಫಾಲ್ಗುಣ ಹಿಡಿಯಿತೆಂದರೆ ತೋಟಗಳಲ್ಲಿ ಹಣ್ಣು ಬಿಡಿಸುವ ಕೆಲಸ ಮುಗಿಯುತ್ತ ಬಂದು, ಕಣದಲ್ಲಿ ಒಣಗಿದ ಕಾಫಿ ಚೀಲ ಸೇರಿ, ದುಡಿಯುವವರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುತ್ತದೆ. ಮದುವೆ, ಜಾತ್ರೆ, ಯಾತ್ರೆಗಳೆಲ್ಲಕ್ಕೂ ಇಲ್ಲಿ ಇದೇ ಕಾಲ. ೨೦೨೫ನೆಯ ಇಸವಿಯ ಮಾರ್ಚಿ ತಿಂಗಳ ಮೊದಲ ವಾರದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಈತನು ಕಥೋಲಿಕ ಕ್ರೈಸ್ತ. ಒಂದು ಕಾಫಿ ತೋಟದಲ್ಲಿ ರೈಟರಾಗಿರುವನು. ಶಾಲೆಯಲ್ಲಿ ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ.

“ಮೇಷ್ಟ್ರೇ, ನಮ್ಮ ಧರ್ಮಕೇಂದ್ರದಿಂದ ಇಪ್ಪತ್ಮೂರು ಜನ ಯಾತ್ರೆ ಹೊರಟಿದ್ದೇವೆ. ಮೈಸೂರಿಗೆ ಹೋಗಿ, ಬರ್ತಾ ಶೆಟ್ಟಿಹಳ್ಳಿ ನೋಡಿಕೊಂಡು, ಆಮೇಲೆ ಚಿಕ್ಕಮಗಳೂರು. ಸ್ಪೆಷಲ್ ಬಸ್ಸು ಮಾಡೋಷ್ಟು ಶಕ್ತಿ ಇಲ್ಲ, ಲೈನ್ ಬಸ್ಸಿನಲ್ಲೇ ಹೋಗೋದು. ನೀವೂ ಬನ್ನಿ,” ಎಂದನು.

ಯಾತ್ರೆಯೆಂದರೆ ಕಾಶಿ ರಾಮೇಶ್ವರಗಳೇ ಆಗಬೇಕೆಂಬ ಎಣಿಕೆ ನಮ್ಮಲ್ಲಿ ಬಹುಕಾಲ ಇದ್ದಿತು. ಅನ್ಯಮತದವರ ಯಾತ್ರೆಯಲ್ಲಿ ನಮಗೇನು ಕೆಲಸ ಎಂದು ಒಂದು ಗಳಿಗೆ ಅನುಮಾನಿಸಿದೆವೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಶೆಟ್ಟಿಹಳ್ಳಿಯ ಹೆಸರು ಕೇಳಿದೊಡನೆ ಅನುಮಾನ ಕರಗಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆವು.

ಈ ಯಾತ್ರೆ ಆ ವರ್ಷವೇ ಏಕೆಂಬುದನ್ನು ವಾಚಕರಿಗೆ ತಿಳಿಸಬೇಕು. ಕಥೋಲಿಕ ಕ್ರೈಸ್ತರಲ್ಲಿ ಇಪ್ಪತ್ತೈದು ವರ್ಷಗಳಿಗೊಮ್ಮೆ ಜುಬಿಲಿ ಎಂಬ ಪುಣ್ಯವರ್ಷವು ಬರುತ್ತದೆ. ೧೩೦೦ನೆಯ ಇಸವಿಯಲ್ಲಿ ಎಂಟನೆಯ ಬೋನಿಫೇಸ್ ಎಂಬ ಪೋಪರು ಮೊದಲು ಇದನ್ನು ಸಾರಿದರು. ನೂರು ವರ್ಷಕ್ಕೊಮ್ಮೆ ಎಂದು ಹೊರಟದ್ದು ಕ್ರಮೇಣ ಇಪ್ಪತ್ತೈದಕ್ಕೆ ಇಳಿಯಿತು. ರೋಮಾಪುರಿಗೆ ಹೋಗಲಾರದವರು ತಮ್ಮ ಸೀಮೆಯ ಪ್ರಧಾನಾಲಯಕ್ಕೆ ಹೋಗಿ ಪ್ರಾರ್ಥಿಸಿದರೂ ಫಲವುಂಟು. ೨೦೨೫ ಅಂತಹ ವರ್ಷ. ನಮ್ಮ ಕಡೆಯ ಮಹಾಕುಂಭವೂ ಪ್ರಯಾಗದಲ್ಲಿ ಅದೇ ವರ್ಷದ ಶಿವರಾತ್ರಿಗೆ ಮುಗಿದಿದ್ದಿತು. ಗುರುಗ್ರಹವನ್ನು ಹಿಡಿದು ಹನ್ನೆರಡು ವರ್ಷ ಎಣಿಸುವವರು ನಾವು, ಅವರು ಇಪ್ಪತ್ತೈದನ್ನು ಎಣಿಸುವವರು. ಎಣಿಸುವ ಚಪಲ ಇಬ್ಬರಿಗೂ ಒಂದೇ.

ಜುಬಿಲಿ ಎಂಬ ಶಬ್ದದ ಮೂಲ ಯೆಹೂದ್ಯರ ಭಾಷೆಯ ‘ಯೋಬೇಲ್’, ಎಂದರೆ ಟಗರಿನ ಕೊಂಬು. ಐವತ್ತನೆಯ ವರ್ಷದಲ್ಲಿ ಕೊಂಬನ್ನು ಊದಿಸಿ, ಅಡಿಯಾಳುಗಳಿಗೆ ಬಿಡುಗಡೆ ಸಾರಿ, ಕೈಬಿಟ್ಟುಹೋದ ಭೂಮಿಯನ್ನು ಮೂಲದ ಒಡೆಯನಿಗೆ ಹಿಂದಿರುಗಿಸಬೇಕೆಂದು ಅವರ ಹಳೆಯ ಧರ್ಮಶಾಸ್ತ್ರದ ಕಟ್ಟಳೆ. ಹಾಗೆಯೇ ಪ್ರಧಾನಾಲಯವನ್ನು ಇಂಗ್ಲಿಷಿನಲ್ಲಿ ಕೆಥೀಡ್ರಲ್ ಎನ್ನುವರಷ್ಟೆ; ಅದರ ಮೂಲವಾದ ಗ್ರೀಕ್ ಶಬ್ದಕ್ಕೆ ಆಸನವೆಂದು ಅರ್ಥ. ಧರ್ಮಾಧ್ಯಕ್ಷರ ಪೀಠವೆಲ್ಲಿದೆಯೋ ಅದೇ ಪ್ರಧಾನಾಲಯ. ಶೃಂಗೇರಿಯ ಹೆಸರಿನೊಡನೆ ಪೀಠವೆಂಬ ಮಾತನ್ನು ದಿನವೂ ಕೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಕಲೇಶಪುರ ಆಲೂರುಗಳ ಕಥೋಲಿಕರಿಗೆ ಪೀಠವು ಬದಲಾಗುತ್ತ ಬಂದಿದೆ. ೧೮೮೬ರಲ್ಲಿ ಮೈಸೂರು ಧರ್ಮಪ್ರಾಂತವಾದಾಗ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿದ್ದರು. ೧೯೪೦ರಲ್ಲಿ ಬೆಂಗಳೂರೂ ಮೈಸೂರೂ ಪಾಲಾದ ಮೇಲೆ ಇವರಿಗೆ ಮೈಸೂರೇ ಪೀಠವಾಯಿತು. ೧೯೬೩ರ ನವೆಂಬರಿನಲ್ಲಿ ಚಿಕ್ಕಮಗಳೂರು ಬೇರೆ ಧರ್ಮಪ್ರಾಂತವಾಗಿ, ಹಾಸನದ ಜಿಲ್ಲೆ ಅದಕ್ಕೆ ಸೇರಿತು. ಮುಂದೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಆಲ್ಫೋನ್ಸಸ್ ಮಥಾಯಸ್ ಅವರು ಅಲ್ಲಿಯ ಮೊದಲನೆಯ ಧರ್ಮಾಧ್ಯಕ್ಷರು. ಆದುದರಿಂದ ಜುಬಿಲಿಗೆ ಇವರು ಚಿಕ್ಕಮಗಳೂರಿಗೆ ಹೋದರೆ ಸಾಕಾಗಿತ್ತು. ಮೈಸೂರನ್ನು ಸೇರಿಸಿದವರು ಗುಂಪಿನ ಮುದುಕಿಯರು. ಅವರಲ್ಲಿ ಹೆಚ್ಚು ಮಂದಿ ಬಾಲ್ಯದಲ್ಲಿ ದೃಢೀಕರಣದ ಸಂಸ್ಕಾರ ಪಡೆದದ್ದು ಮೈಸೂರಿನ ಧರ್ಮಾಧ್ಯಕ್ಷರ ಕೈಯಿಂದ. ‘ಮಗಳ ಮನೆಗೆ ಹೋಗೋ ಮುಂಚೆ ತಾಯಿ ಮನೆಗೆ ಹೋಗಿ ಬರಬೇಕು’ ಎಂಬುದು ಅವರ ನ್ಯಾಯ.

ಮಾರ್ಚಿ ೧೪, ಶುಕ್ರವಾರ, ಫಾಲ್ಗುಣದ ಹುಣ್ಣಿಮೆ. ಬೆಳಗಿನ ಐದು ಗಂಟೆಗೆ ಸಕಲೇಶಪುರದ ನಿಲ್ದಾಣದಲ್ಲಿ ಎಲ್ಲರೂ ಸೇರಿದೆವು. ಹೆಂಗಸರು ಹದಿನೇಳು, ಗಂಡಸರು ಆರು, ನಾವು ಒಬ್ಬರು. ೨೦೨೩ರ ಜೂನಿನಿಂದ ಈ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಗಿರುವುದನ್ನು ಎಲ್ಲರೂ ಬಲ್ಲರು. ಈ ಯಾತ್ರೆ ಕೈಗೂಡಿದ್ದೂ ಅದರಿಂದಲೇ. ತೋಟದ ಲೈನುಮನೆಗಳಲ್ಲಿರುವ ಹೆಂಗಸರು ಮೈಸೂರಿಗೆ ಹೋಗಿಬರುವ ಚಾರ್ಜು ಕೊಟ್ಟು ಯಾತ್ರೆ ಮಾಡುವುದು ಆಗದ ಮಾತು. ಕಂಡಕ್ಟರು ಒಬ್ಬೊಬ್ಬರ ಆಧಾರ್ ಚೀಟಿಯನ್ನೂ ನೋಡಿ ಸೊನ್ನೆ ರೂಪಾಯಿಯ ಟಿಕೀಟು ಹರಿದುಕೊಡುತ್ತ ಬಂದನು. ಮುದುಕಿಯರೆಲ್ಲರ ಜನ್ಮದಿನವೂ ಜನವರಿ ಒಂದು! ಹುಟ್ಟಿದ ದಿನ ತಿಳಿಯದವರಿಗೆಲ್ಲ ಆ ದಿನವನ್ನೇ ಬರೆದಿರುವರು. “ಏನಜ್ಜಿ, ನಿಮ್ಮೂರಲ್ಲಿ ಎಲ್ಲಾರೂ ಒಂದೇ ದಿನ ಹುಟ್ಟಿದ್ರಾ?” ಎಂದು ಆತ ನಗಿಸಿದನು.

ಆ ಪ್ರಶ್ನೆ ಕೇಳಿಸಿಕೊಂಡ ಅಜ್ಜಿಯ ವಿಷಯವನ್ನು ಇಲ್ಲಿ ಹೇಳಬೇಕು. ವಯಸ್ಸು ಎಂಬತ್ತೆರಡರ ಆಸುಪಾಸು, ಸಣ್ಣ ಆಳು, ಕಣ್ಣು ಮಸುಕು, ಕಿವಿ ಚುರುಕು. ಶೆಟ್ಟಿಹಳ್ಳಿಯಲ್ಲಿ ಹುಟ್ಟಿ, ಅಲ್ಲಿಯ ದೇವಾಲಯದಲ್ಲೇ ಮದುವೆಯಾಗಿ, ಗಂಡನೊಡನೆ ಸಕಲೇಶಪುರದ ತೋಟಕ್ಕೆ ಬಂದವರು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಾಗ ಹುಟ್ಟಿದ ಗಂಡುಮಗು ಹದಿನಾಲ್ಕು ತಿಂಗಳು ಬದುಕಿ, ಜ್ವರದಿಂದ ಅಲ್ಲಿಯೇ ತೀರಿಕೊಂಡಿತು. ದೇವಾಲಯದ ಬಳಿಯ ಸಮಾಧಿಭೂಮಿಯಲ್ಲಿ ಅದನ್ನು ಹೂತರು. ಆಮೇಲೆ ನೀರು ಬಂದಿತು. ಊರು ಎದ್ದುಹೋದ ಮೇಲೆ ಈಕೆ ಆ ಕಡೆಗೆ ಹೋದವರಲ್ಲ. “ನೀರು ನೋಡಕ್ಕೆ ಯಾಕೆ ಹೋಗಲಿ ಸ್ವಾಮಿ?” ಎಂದರು. ಈಗೇಕೆ ಹೊರಟಿರೆಂದು ನಾವು ಕೇಳಲಿಲ್ಲ; ಅವರೂ ಹೇಳಲಿಲ್ಲ.

ನಮಗೂ ಶೆಟ್ಟಿಹಳ್ಳಿಗೂ ಇರುವ ನಂಟು ಬೇರೆ ಬಗೆಯದು. ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ ಹೇಮಾವತಿಯ ಮುಳುಗಡೆಯಿಂದ ಎದ್ದುಬಂದವರ ಮಕ್ಕಳು ಅನೇಕರು ನಮ್ಮ ಶಾಲೆಯಲ್ಲಿದ್ದರು. ದಾಖಲಾತಿಯ ಪುಸ್ತಕದಲ್ಲಿ ‘ಹುಟ್ಟಿದ ಊರು’ ಎಂಬ ಕಲಮಿಗೆ ಬಂದಾಗ ತಂದೆಯಾದವನು ಮುಳುಗಿಹೋದ ಹಳ್ಳಿಯ ಹೆಸರನ್ನು ಹೇಳುವನು. ಹಾಗೆ ಬರೆದದ್ದಕ್ಕೆ ಮೇಲಿನವರೊಬ್ಬರು ತಪಾಸಣೆಯ ದಿನ ನಮ್ಮನ್ನು ಗದರಿಸಿ, ಇಲ್ಲದ ಊರನ್ನು ಬರೆಯಕೂಡದೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಹೊಸ ಬಡಾವಣೆಯ ಹೆಸರನ್ನು ಬರೆಯಿಸಿದರು. ನಾವು ಚಿಕ್ಕವರು, ಹೇಳಿದಂತೆ ಬರೆದೆವು. ಹನ್ನೊಂದು ಮಕ್ಕಳ ಊರನ್ನು ನಮ್ಮ ಕೈಯಿಂದಲೇ ತಿದ್ದಿದೆವು. ಇಷ್ಟು ವರ್ಷಗಳಾದರೂ ಆ ಪುಟ ನಮಗೆ ಮರೆತಿಲ್ಲ.

ಹಾಸನದಲ್ಲಿ ಬಸ್ಸು ಬದಲಿಸಿ, ಹೊಳೆನರಸೀಪುರ, ಕೃಷ್ಣರಾಜನಗರಗಳ ಮೇಲೆ ಮೈಸೂರು ಸೇರುವ ಹೊತ್ತಿಗೆ ಮಧ್ಯಾಹ್ನ. ಊಟದ ವಿಷಯದಲ್ಲಿ ನಮಗೆ ಸ್ವಲ್ಪ ಕಳವಳವಿತ್ತು. ಮನೆಯವರು ಅವಲಕ್ಕಿಯನ್ನೂ ಮೊಸರನ್ನದ ಬುತ್ತಿಯನ್ನೂ ಕಟ್ಟಿಕೊಟ್ಟಿದ್ದರು. ಬೇರೆ ಕುಳಿತು ಉಣ್ಣುವುದು ಹೇಗೆ, ಜೊತೆಗೆ ಕುಳಿತರೆ ಎಲೆಯಲ್ಲಿ ಏನು ಬೀಳುವುದೋ ಎಂದು ಯೋಚಿಸುತ್ತಿದ್ದೆವು. ಬುತ್ತಿಗಳನ್ನು ಬಿಚ್ಚಿದಾಗ ಚಿತ್ರಾನ್ನ, ಚಪಾತಿ, ಹುಚ್ಚೆಳ್ಳಿನ ಚಟ್ನಿ! ಅದು ಅವರ ತಪಸ್ಸುಕಾಲ; ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ವ್ರತ; ಈ ಗುಂಪಿನವರು ಅಷ್ಟು ದಿನವೂ ಮಾಂಸ ಬಿಟ್ಟಿದ್ದರು. ಕೆಲವರು ಒಪ್ಪೊತ್ತು. ನಮ್ಮ ಮೊಸರನ್ನ ಅವರಲ್ಲಿ ಹಂಚಿಹೋಯಿತು, ಅವರ ಚಟ್ನಿ ನಮ್ಮಲ್ಲಿಗೆ ಬಂದಿತು. ಮೂರು ದಿನವೂ ಹಾಗೆಯೇ ನಡೆಯಿತು.

ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವನ್ನು ಕಾಣದವರು ವಾಚಕರಲ್ಲಿ ಕಡಮೆ. ೧೯೩೩ರ ಅಕ್ಟೋಬರ್ ೨೮ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಇದಕ್ಕೆ ಅಸ್ತಿಭಾರದ ಶಿಲೆಯನ್ನಿಟ್ಟರು. ಅದಕ್ಕೆ ಮುಂಚೆ ಅಲ್ಲಿದ್ದ ಚಿಕ್ಕ ದೇವಾಲಯವು ೧೮೪೩ರದು, ಮುಮ್ಮಡಿಯವರ ಆಶ್ರಯದಲ್ಲಿ ಆದದ್ದು. ಈಗಿನದನ್ನು ಜರ್ಮನಿ ದೇಶದ ಕೊಲೋನ್ ನಗರದ ಪ್ರಧಾನಾಲಯದ ಮಾದರಿಯನ್ನು ನೋಡಿ ಕಟ್ಟಿದರು. ಜೋಡಿ ಗೋಪುರಗಳ ಎತ್ತರ ೧೭೫ ಅಡಿ. ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಮಲಗಿದ ಭಂಗಿಯಲ್ಲಿರುವ ಕನ್ಯೆ ಫಿಲೋಮಿನಾಳ ಮೂರ್ತಿಯಿದೆ. ಅನ್ಯಮತದ ದೇವಾಲಯಕ್ಕೆ ಕಲ್ಲಿಡಲು ಆ ರಾಜರ್ಷಿಗೆ ಯಾವ ಸಂಕೋಚವೂ ಆಗಲಿಲ್ಲ. ಮನೆಯಲ್ಲಿ ಒಂದು ಗಳಿಗೆ ಅನುಮಾನಿಸಿದ ನಮಗೆ ಅಲ್ಲಿ ನಿಂತಾಗ ನಾಚಿಕೆಯಾಯಿತು.

ಅಂದಿನ ಸಂಜೆಯ ಪ್ರಾರ್ಥನೆ ಹೆಚ್ಚಾಗಿ ಒಬ್ಬ ರೋಗಿಗಾಗಿ ನಡೆಯಿತು. ಪೋಪ್ ಫ್ರಾನ್ಸಿಸ್ ಅವರು ಫೆಬ್ರವರಿ ೧೪ರಿಂದ ರೋಮಿನ ಆಸ್ಪತ್ರೆಯಲ್ಲಿ ಪುಪ್ಪುಸದ ಬೇನೆಯಿಂದ ಮಲಗಿದ್ದರು. ಅಂದಿಗೆ ಸರಿಯಾಗಿ ನಾಲ್ಕು ವಾರ. ಸಕಲೇಶಪುರದ ಕಾಫಿ ತೋಟದ ಹೆಂಗಸರು ಮೊಣಕಾಲೂರಿ ಜಪಸರದ ಮಣಿಗಳನ್ನು ಸರಿಸುತ್ತ, ತಾವು ಎಂದೂ ಕಾಣದ ಮುದುಕರೊಬ್ಬರ ಉಸಿರಿಗಾಗಿ ಬೇಡುತ್ತಿದ್ದುದನ್ನು ನೋಡಿದೆವು. ಅವರು ಆ ಬಳಿಕ ಚೇತರಿಸಿಕೊಂಡು ಮನೆಗೆ ಬಂದು, ಏಪ್ರಿಲ್ ೨೧ರಂದು, ಈಸ್ಟರಿನ ಮರುದಿನ, ತೀರಿಕೊಂಡರು.

ಶನಿವಾರ ಬೆಳಗಿನ ಪೂಜೆ ಮುಗಿಸಿಕೊಂಡು ಹಾಸನದ ಬಸ್ಸು ಹಿಡಿದೆವು. ಇಲ್ಲಿಂದ ಮುಂದೆ ನಮ್ಮ ದಾರಿಯು ಬಹುಮಟ್ಟಿಗೆ ಹೇಮಾವತಿಯನ್ನು ಹಿಮ್ಮುಖವಾಗಿ ಹಿಡಿದು ಹತ್ತುವ ದಾರಿ. ಮೂಡಿಗೆರೆಯ ಸೀಮೆಯಲ್ಲಿ ಬಲ್ಲಾಳರಾಯನ ದುರ್ಗದ ಹತ್ತಿರ ಜಾವಳಿಯಲ್ಲಿ ಹುಟ್ಟುವ ಈ ಹೊಳೆಯು ಸಕಲೇಶಪುರದಲ್ಲಿ ಸಕಲೇಶ್ವರನ ಗುಡಿಯ ಮಗ್ಗುಲಲ್ಲಿ ಹರಿದು, ಗೊರೂರಿಗೆ ಬರುವ ಮುನ್ನ ಯಗಚಿಯನ್ನು ಕೂಡಿಕೊಂಡು, ಹೊಳೆನರಸೀಪುರವನ್ನು ದಾಟಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಯಗಚಿ ಚಿಕ್ಕಮಗಳೂರಿನ ಬೆಟ್ಟಗಳ ಮಗಳು. ಆದುದರಿಂದ ಗೊರೂರಿನ ಕೆರೆಯಲ್ಲಿ (ಅದನ್ನು ಕೆರೆಯೆನ್ನಲು ನಾಲಗೆ ತಡೆಯುವುದಾದರೂ ಹಳ್ಳಿಯವರು ಹಾಗೆಯೇ ಅನ್ನುವರು) ಸಕಲೇಶಪುರದ ನೀರೂ ಚಿಕ್ಕಮಗಳೂರಿನ ನೀರೂ ಒಟ್ಟಾಗಿ ನಿಂತಿವೆ.

ಹಾಸನದ ನಿಲ್ದಾಣದಲ್ಲಿ ಶೆಟ್ಟಿಹಳ್ಳಿಯ ಕಡೆಯ ಬಸ್ಸಿಗಾಗಿ ಒಂದೂಕಾಲು ಗಂಟೆ ಕಾದೆವು. ಬಂದದ್ದು ತುಂಬಿಕೊಂಡೇ ಬಂದಿತು. ಸಂತೆಯ ಚೀಲಗಳು, ಕೋಳಿಗಳು, ಒಂದು ಹೊಲಿಗೆ ಯಂತ್ರ. ಕಾಲೇಜಿನ ಹುಡುಗನೊಬ್ಬನು ಎದ್ದು ಅಜ್ಜಿಗೆ ಜಾಗ ಬಿಟ್ಟನು. ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ನಿಂತುಕೊಂಡೇ ಜಪಸರ ಹೇಳುತ್ತಿದ್ದ ಹೆಂಗಸರೊಡನೆ, ಕೋಳಿ ಹಿಡಿದಿದ್ದ ಗೌಡತಿಯೊಬ್ಬಳೂ ಎರಡು ಪ್ರಾರ್ಥನೆ ಕಳೆಯುವುದರೊಳಗೆ ತುಟಿಯಾಡಿಸತೊಡಗಿದಳು. ಕೇಳಿದರೆ, “ಚಿಕ್ಕಂದಿನಲ್ಲಿ ಸಿಸ್ಟರ್‌ಗಳ ಸ್ಕೂಲು ಸ್ವಾಮಿ, ಬಾಯಿಗೆ ಬಂದಿರ್ತದೆ,” ಎಂದಳು.

ಈ ಭಾಗದಲ್ಲಿ ಕ್ರೈಸ್ತ ಒಕ್ಕಲಿಗರ ಹಳ್ಳಿಗಳು ಇನ್ನೂರು ವರ್ಷದಷ್ಟು ಹಳೆಯವು. ಹಾಸನದ ಸಮೀಪದ ಸಾತಳ್ಳಿಯ ಸುತ್ತಣ ಊರುಗಳ ಕಥೆಯು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಯ ಹೆಸರಿನೊಡನೆ ಹೆಣೆದುಕೊಂಡಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ೧೮೨೩ರವರೆಗೆ ಇಲ್ಲಿದ್ದು, ದೇಶೀಯರಂತೆ ಉಟ್ಟು ಉಂಡು, ಸಿಡುಬಿಗೆ ದೇವಿ ಹಾಕುವುದನ್ನು ಈ ಸೀಮೆಯಲ್ಲಿ ಹರಡಿದವರು ಅವರು. ಜನರ ಬಾಯಲ್ಲಿ ಅವರು ‘ದೊಡ್ಡ ಸ್ವಾಮಿಯವರು’. ಹಿಂದೂ ಜನರ ಆಚಾರಗಳನ್ನು ಕುರಿತು ಅವರು ಬರೆದ ಪುಸ್ತಕವು ೧೮೧೬ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು. ಅದರಲ್ಲಿ ನಮ್ಮವರನ್ನು ಕುರಿತು ಆಡಿರುವ ಮಾತುಗಳಲ್ಲಿ ಅರ್ಧಕ್ಕೆ ನಾವು ಒಪ್ಪುವುದಿಲ್ಲ. ಉಳಿದರ್ಧವು ನಿಜವಾದುದರಿಂದ ಇನ್ನೂ ಕೋಪ ಬರುತ್ತದೆ.

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ಅವರ ತರುವಾಯದ ಫ್ರೆಂಚ್ ಪಾದ್ರಿಗಳು ಸುಮಾರು ೧೮೬೦ರ ಹೊತ್ತಿನಲ್ಲಿ ಕಟ್ಟಿದರು. ಆಗ ಮಂಜರಾಬಾದಿನ ಕಾಡುಗಳಲ್ಲಿ ಬಿಳಿಯ ಸಾಹುಕಾರರು ಕಾಫಿ ಹಾಕುತ್ತಿದ್ದ ಕಾಲ. ರಾಬರ್ಟ್ ಎಲಿಯಟ್ ಎಂಬ ತೋಟಗಾರನು ತನ್ನ ಅನುಭವಗಳನ್ನು ೧೮೭೧ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದನು. ಸಕಲೇಶಪುರ ಆಲೂರುಗಳ ದೊರೆಗಳಿಗಾಗಿಯೇ ಈ ದೇವಾಲಯವನ್ನು ಕಟ್ಟಿದರೆಂದು ಈಗಿನ ಪ್ರವಾಸಿಗಳಿಗೆ ಹೇಳುವುದುಂಟು. ಅದನ್ನು ಅಜ್ಜಿಗೆ ಹೇಳಿದಾಗ, “ದೊರೆಗಳು ಎಲ್ಲಿದ್ದರು ಸ್ವಾಮಿ? ಮೊದಲನೇ ಸಾಲಲ್ಲಿ ನಮ್ಮಪ್ಪ ಕೂತ್ಕೋತಿದ್ದ,” ಎಂದರು. ನಮಗೆ ಅಜ್ಜಿಯ ಮಾತಿನ ಮೇಲೆ ಹೆಚ್ಚು ನಂಬಿಕೆ.

ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ ೨೯೨೨ ಅಡಿ. ಹಿಡಿಯುವ ನೀರು ೩೭ ಟಿ.ಎಂ.ಸಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಲಕ್ಷಾಂತರ ಎಕರೆಗೆ ಇದರ ಕಾಲುವೆಗಳು ಹೋಗಿವೆ. ಆ ನೀರಿನ ಅನ್ನವನ್ನು ನಾವೆಲ್ಲರೂ ಉಣ್ಣುತ್ತಿರುವೆವು. ಅದನ್ನು ಹಳಿಯುವವರಲ್ಲಿ ನಾವು ಸೇರಿದವರಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಬರೆಹಗಳಲ್ಲಿ ತೋರಿಸಿದ ಹೊಳೆಯದಂಡೆಯ ಜೀವನದಲ್ಲಿ ಎಷ್ಟೋ ಭಾಗವು ಇದರ ತಳದಲ್ಲಿದೆಯೆಂಬುದೂ ಅಷ್ಟೇ ನಿಜ. ಆ ತಳದಲ್ಲಿ ಹೋದ ಊರುಗಳಲ್ಲಿ ಹಳೆಯ ಶೆಟ್ಟಿಹಳ್ಳಿಯೂ ಒಂದು. ದೇವಾಲಯ ಮಾತ್ರ, ಎತ್ತರವಾದುದರಿಂದ, ಪೂರ್ತಿ ಮುಳುಗದೆ ನಿಂತಿತು. ಮಳೆಗಾಲದಲ್ಲಿ ನೀರು ಕಮಾನುಗಳ ಕೊರಳಿಗೆ ಬರುತ್ತದೆ. ಬೇಸಗೆಯಲ್ಲಿ ಇಳಿದು ನೆಲ ಕಾಣುತ್ತದೆ. ಹೀಗೆ ನಲವತ್ತೈದು ವರ್ಷ ನೆನೆದು ಒಣಗಿ, ನೆನೆದು ಒಣಗಿ, ಮಾಡು ಎಂದೋ ಹೋಗಿದೆ. ಈಚಿನ ವರ್ಷಗಳ ಮಳೆಯಲ್ಲಿ ಗೋಡೆಯ ಭಾಗಗಳೂ ಉರುಳಿವೆ.

ಬಸ್ಸಿಳಿದು ನಡೆದು ದಂಡೆಯನ್ನು ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ನೀರು ಇಳಿದಿತ್ತು. ಬಿರಿದು ಹಲ್ಲೆಗಟ್ಟಿದ ಕೆಸರಿನ ಬಯಲಿನ ನಡುವೆ ಇಟ್ಟಿಗೆಯ ಬಣ್ಣದ ಆ ಕಟ್ಟಡವು, ಒಳಗೆ ಆಕಾಶವನ್ನು ತುಂಬಿಕೊಂಡು ನಿಂತಿತ್ತು. ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಸುಣ್ಣದ ಗಾರೆಗೆ ಕಲಸಿದ್ದರಿಂದಲೇ ಇಷ್ಟು ಕಾಲ ತಡೆದಿದೆಯೆಂದು ಸುತ್ತಣ ಜನರ ಮಾತು. ನಾಲ್ಕೈದು ಮಂದಿ ತರುಣರು, ಮದುವೆಗೆ ಮುಂಚಿನ ಪಟಗಳಿಗಾಗಿ ಬಂದವರು, ಮದುಮಗಳ ಸೆರಗನ್ನು ಗಾಳಿಗೆ ಹಾರಿಸುತ್ತಿದ್ದರು. ನಮ್ಮ ಗುಂಪು ಶಿಲುಬೆ ಹಾದಿಯ ಪ್ರಾರ್ಥನೆಗೆ ಅಣಿಯಾದುದನ್ನು ಕಂಡು ಅವರು ತಾವಾಗಿಯೇ ಪಕ್ಕಕ್ಕೆ ಸರಿದರು. ಹದಿನಾಲ್ಕು ಸ್ಥಾನಗಳಿಗೆ ಗೋಡೆಯಲ್ಲಿ ಗುರುತೇ ಇಲ್ಲ. ನಮ್ಮ ಶಿಷ್ಯನು ಹದಿನಾಲ್ಕು ಹೆಂಚಿನ ಚೂರುಗಳನ್ನು ಆರಿಸಿ, ನೆಲದಲ್ಲಿ ಅಳತೆ ಹಾಕಿ ಇಟ್ಟನು. ಒಂದೊಂದು ಚೂರಿನ ಮುಂದೆಯೂ ಮೊಣಕಾಲೂರುತ್ತ ಅವರು ನಡೆದರು.

ಅಜ್ಜಿ ಮಾತ್ರ ಅವರೊಡನೆ ಹೋಗದೆ ಬಾಗಿಲ ಕಮಾನಿನ ಬಳಿ ನಿಂತು, ಮಸುಕುಗಣ್ಣಿಗೆ ಕೈ ಅಡ್ಡ ಹಿಡಿದು ಲೆಕ್ಕ ಹಾಕುತ್ತಿದ್ದರು. “ಇಲ್ಲಿ ಬಾವಿ. ಅಲ್ಲಿ ಸ್ವಾಮಿಗಳ ಮನೆ. ಬಾಗಿಲಿಂದ ಬಲಗೈ ಕಡೆ ನಲವತ್ತು ಹೆಜ್ಜೆ, ಆಮೇಲೆ ಇಳಿಜಾರು. ಹೊಂಗೆ ಮರದ ಬುಡ. ಮೇಷ್ಟ್ರೇ, ಸ್ವಲ್ಪ ಕೈ ಹಿಡೀರಿ.” ಹಿಡಿದೆವು. ಅವರು ಎಣಿಸುತ್ತ ನಡೆದರು. ಕಾಲು ಈಗ ಗಿಡ್ಡವಾಗಿರಬೇಕು ಎಂದು ಹತ್ತು ಹೆಜ್ಜೆ ಹೆಚ್ಚು ಇಟ್ಟರು. ಹೊಂಗೆಯ ಸುಳಿವಿಲ್ಲ. ಇಳಿಜಾರು ಸಿಕ್ಕಿತು, ಆದರೆ ನಾಲ್ಕಾರು ಮಾರು ಇಳಿಯುವುದರೊಳಗೆ ನೀರಿನ ಅಂಚು ಬಂದಿತು. ಸಮಾಧಿಭೂಮಿ ಇನ್ನೂ ಆಚೆ, ನೀರಿನೊಳಗೆ.

“ಏಪ್ರಿಲ್ ಕಳೆದರೆ ಇನ್ನೂ ಇಳಿಯುತ್ತದೆ ತಾಯಿ, ಆಗ ಬರೋಣ,” ಎಂದೆವು. ಏನಾದರೂ ಹೇಳಬೇಕಲ್ಲ ಎಂದು ಹೇಳಿದ ಮಾತು. ಅವರು ಉತ್ತರ ಕೊಡಲಿಲ್ಲ. ಸೆರಗನ್ನು ಸಿಕ್ಕಿಸಿಕೊಂಡು, ಕೆಸರಿನಲ್ಲಿ ಕುಳಿತು, ನೀರಿಗೆ ಅಂಗೈಯನ್ನು ಇಟ್ಟು, ಮಗುವಿನ ತಲೆ ಸವರುವವರ ಹಾಗೆ ಬಹಳ ಹೊತ್ತು ಸವರುತ್ತಿದ್ದರು. ನಾವು ಸ್ವಲ್ಪ ದೂರ ಹೋಗಿ ನಿಂತೆವು. ತೀರ್ಥವೆಂಬ ಶಬ್ದವು ದಾಟುವುದೆಂಬ ಅರ್ಥದ ತೄ ಧಾತುವಿನಿಂದ ಹುಟ್ಟಿದ್ದು. ಹೊಳೆಯನ್ನು ದಾಟುವ ಕಡವಿಗೆ ಆ ಹೆಸರು. ನೂರಾರು ಮಕ್ಕಳಿಗೆ ಇದನ್ನು ಹೇಳಿಕೊಟ್ಟಿದ್ದೇವೆ. ಅಂದು ಆ ವ್ಯುತ್ಪತ್ತಿ ನೆನಪಿಗೆ ಬಂದಿತು. ಬಂದು ಏನೂ ಉಪಯೋಗವಾಗಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮ ಶಿಷ್ಯನ ಒತ್ತಾಯಕ್ಕೆ ಜುಬಿಲಿ ಶಬ್ದದ ಕಥೆಯನ್ನು ಎಲ್ಲರಿಗೂ ಹೇಳಿದೆವು. ಟಗರಿನ ಕೊಂಬು, ಅಡಿಯಾಳುಗಳ ಬಿಡುಗಡೆ, ಹೋದ ಭೂಮಿ ಒಡೆಯನಿಗೆ ಹಿಂದಿರುಗುವುದು. ಎಲ್ಲರೂ ಕೇಳಿದರು. ಕಿಟಕಿಯ ಬಳಿ ಕುಳಿತಿದ್ದ ಅಜ್ಜಿ, “ನಮ್ಮ ಭೂಮಿ ಯಾರು ಕೊಡ್ತಾರೆ ಮೇಷ್ಟ್ರೇ?” ಎಂದರು. ಕೋಪದ ಮಾತಲ್ಲ, ಸುಮ್ಮನೆ ಕೇಳಿದರು. ಪರಿಹಾರದ ಹಣವೂ ಬೇರೆ ಕಡೆ ನೆಲವೂ ಅವರ ಅಣ್ಣಂದಿರಿಗೆ ದೊರೆತಿದ್ದುವಂತೆ. ಉತ್ತರವನ್ನು ಹೇಳಬೇಕಾದವರು ನಾವಲ್ಲವಾದುದರಿಂದ ಸುಮ್ಮನಾದೆವು.

ಹಾಸನದಿಂದ ಸಕಲೇಶಪುರದ ಬಸ್ಸು ಹಿಡಿದಾಗ ಕತ್ತಲಾಗಿತ್ತು. ಆಲೂರು ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ ಮುಂದಿನ ವಾಹನಗಳೆಲ್ಲ ದೀಪವಾರಿಸಿ ನಿಂತಿದ್ದುವು. ಆನೆ! ಹುಣ್ಣಿಮೆ ಕಳೆದ ಮರುದಿನದ ಬೆಳುದಿಂಗಳಲ್ಲಿ ಒಂಟಿಯಾಗಿ ಒಂದು ಸಲಗವು, ಆಮೇಲೆ ಮರಿಯೊಡನೆ ಎರಡು ಹೆಣ್ಣಾನೆಗಳು ರಸ್ತೆಯನ್ನು ದಾಟಿ ತೋಟದೊಳಕ್ಕೆ ಇಳಿದುವು. ಈ ಎರಡು ತಾಲ್ಲೂಕುಗಳಲ್ಲಿ ಆನೆಯ ಕಾಟ ದಿನನಿತ್ಯದ ಮಾತಾಗಿದೆ. ಎಷ್ಟೋ ಮಂದಿ ಕೂಲಿಯವರು ಬೆಳಗಿನ ಹೊತ್ತು ತೋಟಕ್ಕೆ ಹೋಗುವಾಗ ಪ್ರಾಣ ಕಳೆದುಕೊಂಡಿರುವರು. ಮೈಸೂರು ದಸರೆಯಲ್ಲಿ ಎಂಟು ವರ್ಷ ಚಿನ್ನದ ಅಂಬಾರಿ ಹೊತ್ತ ಅರ್ಜುನನು ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆಯನ್ನು ಹಿಡಿಯಲು ಹೋಗಿ ಅದರೊಡನೆ ಕಾದು ಮಡಿದನು. ಬಸ್ಸಿನಲ್ಲಿದ್ದ ಆಲೂರಿನ ರೈತನೊಬ್ಬನು, ಹಿನ್ನೀರಿನ ದಂಡೆಯಲ್ಲಿ ಜನ ಬಿಟ್ಟುಹೋದ ಊರುಗಳಲ್ಲೆಲ್ಲ ಪೊದೆ ಬೆಳೆದು ಆನೆಗಳಿಗೆ ಹಗಲು ಮಲಗುವ ಮನೆಯಾಗಿದೆಯೆಂದು ಹೇಳಿದನು. “ನಮ್ಮನ್ನ ಎಬ್ಬಿಸಿದರು, ಅವು ಬಂದು ಮಲಗಿದವು” ಎಂದು ಅಜ್ಜಿ ನಕ್ಕರು. ಇಡೀ ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಭಾನುವಾರ ಬೆಳಗ್ಗೆ ಹಾನಬಾಳಿನ ದಾರಿಯಲ್ಲಿ ಮೂಡಿಗೆರೆಗೆ. ತುಂತುರು ನೀರು ಹಾಯಿಸಿದ ತೋಟಗಳಲ್ಲಿ ರೊಬಸ್ಟಾ ಅರಳಿ, ಗಿಡಗಳ ಮೇಲೆ ಅಕ್ಕಿಹಿಟ್ಟು ಚೆಲ್ಲಿದಂತೆ ಇದ್ದಿತು. ಮಲ್ಲಿಗೆಯನ್ನು ಹೋಲುವ ಆ ಪರಿಮಳವು ಬಸ್ಸಿನ ಡೀಸೆಲ್ ಹೊಗೆಯನ್ನೂ ಗೆದ್ದಿತು. ತೋಟದಲ್ಲೇ ಹುಟ್ಟಿ ಬೆಳೆದ ಹೆಂಗಸರು ಕಿಟಕಿಯಿಂದ ಹೂವನ್ನು ನೋಡಿ, ಈ ಸಲ ಫಸಲು ಹೇಗೆ, ಧಾರಣೆ ಹೇಗೆ ಎಂದು ಚರ್ಚಿಸುತ್ತಿದ್ದರು. ಚೆಲುವು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮೂಡಿಗೆರೆಯಲ್ಲಿ ಕಾಫಿ ಕುಡಿದು, ಬಸ್ಸು ಬದಲಿಸಿ, ಹನ್ನೊಂದಕ್ಕೆ ಮುಂಚೆ ಚಿಕ್ಕಮಗಳೂರು ಸೇರಿದೆವು.

ಸಂತ ಜೋಸೆಫರ ಪ್ರಧಾನಾಲಯಕ್ಕೆ ಮೈಸೂರಿನದರ ಗಾಂಭೀರ್ಯವಿಲ್ಲ; ಆದರೆ ಯಾತ್ರಿಕರು ಅಲ್ಲಿ ಒಳಹೊಕ್ಕದ್ದು ತಮ್ಮ ಮನೆಗೆ ಬಂದವರಂತೆ. ಬೇರೆ ಬೇರೆ ಊರುಗಳಿಂದ ಜುಬಿಲಿಗೆಂದು ಬಂದವರು ಅನೇಕರಿದ್ದರು. ಪಾಪನಿವೇದನೆಗೆ ಉದ್ದನೆಯ ಸಾಲು. ನಾವು ಹಿಂದಿನ ಬೆಂಚಿನಲ್ಲಿ ಕುಳಿತೆವು. ಪೂಜೆಗೆ ಮುಂಚೆ ಸತ್ತವರ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅವರಿಗಾಗಿ ಪ್ರಾರ್ಥಿಸುವರಂತೆ. ಅಜ್ಜಿಯು ಒಂದು ಚೀಟಿಯನ್ನೂ ಯಾರಿಂದಲೋ ಈಸಿಕೊಂಡ ಪೆನ್ನನ್ನೂ ಹಿಡಿದು ನಮ್ಮ ಬಳಿಗೆ ಬಂದು ಕುಳಿತರು.

“ಅಂತೋಣಿ ಅಂತ ಬರೀರಿ ಮೇಷ್ಟ್ರೇ. ನಿಮ್ಮ ಅಕ್ಷರ ದುಂಡಾಗಿರ್ತದಂತೆ.”

ಬರೆದೆವು.

“ವಯಸ್ಸು ಹದಿನಾಲ್ಕು ತಿಂಗಳು.”

ಅದನ್ನು ಬರೆಯುವ ಪದ್ಧತಿಯಿಲ್ಲವೆಂದು ಪಕ್ಕದವರು ಅಂದರು. ಬರೆದೆವು.

“ಊರು?” ಎಂದು ನಾವೇ ಕೇಳಿದೆವು. ಅಜ್ಜಿ ನಮ್ಮ ಮುಖವನ್ನು ನೋಡಿ, “ಶೆಟ್ಟಿಹಳ್ಳಿ. ಇನ್ನೇನು?” ಎಂದರು.

ಶೆಟ್ಟಿಹಳ್ಳಿಯೆಂದು ಬರೆದು, ಶಾಯಿ ಒಣಗಲೆಂದು ಊದಿ, ಅವರ ಕೈಗೆ ಕೊಟ್ಟೆವು. ಅವರು ಅದನ್ನು ಎರಡಾಗಿ ಮಡಿಸಿ, ಬಲಿಪೀಠದ ಮುಂದಿದ್ದ ಬುಟ್ಟಿಯಲ್ಲಿ ಹಾಕಿ ಬಂದರು. ಮಧ್ಯಾಹ್ನ ಮೂರೂವರೆಗೆ ಬೇಲೂರಿನ ಮೇಲೆ ಹೋಗುವ ಬಸ್ಸಿತ್ತು. ಕಂಡಕ್ಟರು ಮತ್ತೆ ಹದಿನೇಳು ಸೊನ್ನೆ ಟಿಕೀಟುಗಳನ್ನು ಹರಿದನು. ಯಗಚಿಯ ಸೇತುವೆ ಬಂದಾಗ ಅಜ್ಜಿಗೆ ತೋರಿಸಬೇಕೆಂದಿದ್ದೆವು. ಅಷ್ಟರಲ್ಲಿ ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.